ತಾಜಾ ಎಂದು ಮಾರಿದ ಸಿಂಪಿಗಳು: ಒಂದು ಮೀನಂಗಡಿಯ ವಿಮರ್ಶೆ
ಈ ಅಂಗಡಿಯಲ್ಲಿ ಸಿಂಪಿಗಳ ರಾಶಿಯ ತಳಕ್ಕಷ್ಟೇ ಮಂಜುಗಡ್ಡೆಯಿತ್ತು; ಮೇಲಿದ್ದವುಗಳಲ್ಲಿ ಕೆಲವು ಬಾಯಿ ತೆರೆದಿದ್ದವು, ಬೆರಳಿನಿಂದ ತಟ್ಟಿದರೂ ಮುಚ್ಚಿಕೊಳ್ಳಲಿಲ್ಲ, ಅಂದರೆ ಆಗಲೇ ಸತ್ತಿದ್ದವು. ವಾಸನೆಯಿಲ್ಲದ ಕಾರಣ ಅವು ತಾಜಾ ಎಂದು ಮಾರುವವರು ವಾದಿಸಿದರು. ಆದರೆ ನೀರನ್ನು ಸೋಸಿ ಆಹಾರ ಪಡೆಯುವ ಈ ಜೀವಿಗಳು ಅದರಲ್ಲಿರುವ ವಿಬ್ರಿಯೊ, ಸಾಲ್ಮೊನೆಲ್ಲಾದಂತಹ ಬ್ಯಾಕ್ಟೀರಿಯಾಗಳನ್ನೂ ಒಡಲಲ್ಲಿ ಕೂಡಿಟ್ಟುಕೊಳ್ಳುತ್ತವೆ, ಅದು ಕಣ್ಣಿಗಾಗಲಿ ಮೂಗಿಗಾಗಲಿ ತಿಳಿಯುವುದಿಲ್ಲ. ಹಸಿಯಾಗಿಯೇ ತಿನ್ನಿರೆಂದು ನಿಂಬೆಹೋಳು ಇಟ್ಟುಕೊಟ್ಟದ್ದು ನನಗೆ ಶುದ್ಧ ಹೊಣೆಗೇಡಿತನವೆನಿಸಿತು: ನಿಂಬೆರಸಕ್ಕೆ ಈ ಬ್ಯಾಕ್ಟೀರಿಯಾಗಳು ಸಾಯುವುದಿಲ್ಲ, ಯಕೃತ್ತಿನ ಕಾಯಿಲೆಯಿರುವವರಿಗಂತೂ ವಿಬ್ರಿಯೊ ವಲ್ನಿಫಿಕಸ್ ಪ್ರಾಣಕ್ಕೇ ಸಂಚಕಾರ ತರಬಲ್ಲದು. ತೂಕದಲ್ಲಿ ಮೋಸವಿರಲಿಲ್ಲ. ಚಿಪ್ಪು ಮುಚ್ಚಿದವನ್ನಷ್ಟೇ ಆರಿಸಿ ತಂದು, ಕುದಿನೀರಿನಲ್ಲಿ ಅವು ತೆರೆದುಕೊಂಡ ಮೇಲೂ 5 ನಿಮಿಷ ಬೇಯಿಸಿದೆ. ಸರಕನ್ನು ಎಲ್ಲಿ, ಯಾವ ದಿನ ಹಿಡಿದದ್ದೆಂಬ ಚೀಟಿ ಕೇಳಿದಾಗ ಅಂಗಡಿಯವರು ತೋರಿಸಲಿಲ್ಲ. ಆದ್ದರಿಂದ 5ಕ್ಕೆ 2 ಅಂಕ.