ನೆಕ್ಸ್ಟ್‌ಸ್ಟ್ರೇನ್: ವೈರಸ್ಸಿನ ರೂಪಾಂತರಗಳನ್ನು ವಂಶವೃಕ್ಷದ ಮೇಲೆ ತೋರಿಸುವ ಜಾಲತಾಣದ ವಿಮರ್ಶೆ

ಹಕ್ಕಿಗಳಲ್ಲಿ ಹರಡುತ್ತಿದ್ದ ವೈರಸ್ಸೊಂದು ಹಸುವಿನಲ್ಲೋ ಬೆಕ್ಕಿನಲ್ಲೋ ಮನುಷ್ಯನಲ್ಲೋ ಪತ್ತೆಯಾಯಿತು ಎಂಬ ಸುದ್ದಿಯ ಬೆನ್ನಿಗೇ ರೂಪಾಂತರದ ಮಾತೂ ಬರುತ್ತದೆ. ಆದರೆ ಯಾವ ಜೀನಿನ ಯಾವ ಸ್ಥಾನದಲ್ಲಿ ಏನು ಬದಲಾಯಿತು, ಆ ಬದಲಾವಣೆ ವೈರಸ್ ಹೊಸ ಪ್ರಾಣಿಯನ್ನು ಸೇರುವ ಮೊದಲೇ ಇತ್ತೋ, ಸೇರಿದ ಮೇಲೆ ಮೂಡಿತೋ ಎಂಬುದು ಆ ಸುದ್ದಿಗಳಿಂದ ತಿಳಿಯುವುದು ಅಪರೂಪ. ಇದನ್ನು ಸ್ವತಃ ಪರಿಶೀಲಿಸಲು ಬಯಸುವವರಿಗೆ ನೆಕ್ಸ್ಟ್‌ಸ್ಟ್ರೇನ್ ಒಂದು ಅಮೂಲ್ಯ ಸೇವೆ. ಅಮೆರಿಕದ ಟ್ರೆವರ್ ಬೆಡ್‌ಫರ್ಡ್ ಮತ್ತು ಸ್ವಿಟ್ಜರ್ಲೆಂಡಿನ ರಿಚರ್ಡ್ ನೆಹರ್ ಅವರ ತಂಡಗಳು ಕಟ್ಟಿದ ಈ ಜಾಲತಾಣಕ್ಕೆ 2017ರಲ್ಲಿ ಓಪನ್ ಸೈನ್ಸ್ ಪ್ರೈಜ್ ದೊರೆಯಿತು. ಇದನ್ನು ನೋಡಲು ಶುಲ್ಕವಿಲ್ಲ, ಖಾತೆ ತೆರೆಯಬೇಕಾಗಿಲ್ಲ, ಇದರ ಹಿಂದಿರುವ ತಂತ್ರಾಂಶವೂ ಮುಕ್ತವಾಗಿದೆ.

ಹಕ್ಕಿಜ್ವರದ ಪುಟವನ್ನು ತೆರೆದರೆ ವಂಶವೃಕ್ಷ, ಭೂಪಟ ಮತ್ತು ಜೀನೋಮಿನ ಯಾವ ಸ್ಥಾನದಲ್ಲಿ ಎಷ್ಟು ವೈವಿಧ್ಯವಿದೆ ಎಂಬುದನ್ನು ತೋರಿಸುವ ಪಟ್ಟಿ ಒಟ್ಟಿಗೇ ಕಾಣುತ್ತವೆ. ವೃಕ್ಷದ ತುದಿಯ ಒಂದೊಂದು ಚುಕ್ಕಿಯೂ ಒಂದೊಂದು ಮಾದರಿ. ಮೊದಲು ಆತಿಥೇಯ ಪ್ರಾಣಿಗೆ ಅನುಗುಣವಾಗಿ ಬಣ್ಣ ಹಾಕಿ, ಆಮೇಲೆ ಅದೇ ವೃಕ್ಷಕ್ಕೆ ಪಿಬಿ2 ಜೀನಿನ 627ನೇ ಸ್ಥಾನದ ಬಣ್ಣ ಹಾಕಿ ನೋಡಬೇಕು. ಈ ಸೇವೆಯ ಮೌಲ್ಯ ಅಲ್ಲಿ ತಿಳಿಯುತ್ತದೆ. ಪಿಬಿ2 ಎಂಬುದು ವೈರಸ್ಸಿನ ಆರ್‌ಎನ್‌ಎಯನ್ನು ನಕಲು ಮಾಡುವ ಪಾಲಿಮರೇಸ್ ಕಿಣ್ವದ ಒಂದು ಭಾಗ. ಈ ಕಿಣ್ವ ಕೆಲಸ ಮಾಡಲು ಆತಿಥೇಯ ಜೀವಕೋಶದ ಎಎನ್‌ಪಿ32ಎ ಎಂಬ ಪ್ರೋಟೀನಿನ ನೆರವು ಬೇಕು. ಹೆಚ್ಚಿನ ಹಕ್ಕಿಗಳಲ್ಲಿ ಆ ಪ್ರೋಟೀನಿಗೆ 33 ಅಮೈನೊ ಆಮ್ಲಗಳ ಹೆಚ್ಚುವರಿ ತುಣುಕೊಂದಿದೆ, ಸಸ್ತನಿಗಳಲ್ಲಿ ಅದಿಲ್ಲ. 627ರಲ್ಲಿ ಗ್ಲುಟಾಮಿಕ್ ಆಮ್ಲ ಎಂಬ ಅಮೈನೊ ಆಮ್ಲವಿರುವ ಹಕ್ಕಿಯ ವೈರಸ್ ಈ ಕಾರಣಕ್ಕೆ ಸಸ್ತನಿಯ ಜೀವಕೋಶದಲ್ಲಿ ಸೊರಗುತ್ತದೆ. ಅದೇ ಜಾಗಕ್ಕೆ ಲೈಸಿನ್ ಬಂದರೆ ಚೇತರಿಸಿಕೊಳ್ಳುತ್ತದೆ. ವೃಕ್ಷದಲ್ಲಿ ಲೈಸಿನ್ನಿನ ಬಣ್ಣ ಒಂದೆಡೆ ಗುಂಪುಗೂಡುವುದಿಲ್ಲ. ನರಿ, ಬೆಕ್ಕು, ಮನುಷ್ಯ ಎಂದು ದೂರದೂರದ ತುದಿಗಳಲ್ಲಿ ಬಿಡಿಬಿಡಿಯಾಗಿ, ಹೆಚ್ಚಾಗಿ ಮುಂದೆ ಸಂತತಿಯೇ ಇಲ್ಲದ ಗಿಡ್ಡ ಕವಲುಗಳ ಮೇಲೆ ಮೂಡುತ್ತದೆ. ಹೆಚ್ಚಿನ ಪ್ರಕರಣಗಳಲ್ಲಿ ವೈರಸ್ ಸಸ್ತನಿಯೊಳಕ್ಕೆ ಹೋದ ಮೇಲೆಯೇ ಈ ಬದಲಾವಣೆ ಆಯ್ಕೆಗೊಂಡಿದೆ ಮತ್ತು ಅಲ್ಲಿಗೇ ನಿಂತಿದೆ ಎಂದು ಇದರಿಂದ ಊಹಿಸಬಹುದು. ಪುಟಗಟ್ಟಲೆ ವಿವರಣೆಯಿಂದ ಮನದಟ್ಟಾಗದ ವಿಷಯ ಇಲ್ಲಿ ಒಂದೇ ನೋಟಕ್ಕೆ ಸಿಗುತ್ತದೆ.

2024ರ ಮಾರ್ಚಿನಲ್ಲಿ ಅಮೆರಿಕದ ಹಾಲು ಕರೆಯುವ ಹಸುಗಳಲ್ಲಿ ಎಚ್5ಎನ್1 ಎಂಬ ಹಕ್ಕಿಜ್ವರದ ವೈರಸ್ ಪತ್ತೆಯಾದ ಮೇಲೆ ಆರಂಭವಾದ ಪ್ರತ್ಯೇಕ ಪುಟದ ಚಿತ್ರ ಇದಕ್ಕಿಂತ ಬೇರೆ. ಬಿ3.13 ಎಂಬ ಜೀನೋಟೈಪಿನ (ಜೀನ್ ಖಂಡಗಳ ನಿರ್ದಿಷ್ಟ ಜೋಡಣೆಯ) ಹಸುವಿನ ವೈರಸ್ಸುಗಳು ಒಂದೇ ಕಾಂಡದಿಂದ ಕವಲೊಡೆದಿವೆ. ಒಮ್ಮೆ ಹಕ್ಕಿಯಿಂದ ಬಂದದ್ದು ಹಸುವಿನಿಂದ ಹಸುವಿಗೆ ಹರಡಿತು ಎಂಬುದರ ಗುರುತು ಇದು. ಇವುಗಳಲ್ಲಿ 627 ಬಹುಪಾಲು ಬದಲಾಗಿಲ್ಲ, ಅದರ ಹತ್ತಿರದ 631ನೇ ಸ್ಥಾನದಲ್ಲಿ ಮೆಥಿಯೊನಿನ್ ಹೋಗಿ ಲ್ಯೂಸಿನ್ ಬಂದಿದೆ. ಟೆಕ್ಸಸ್‌ನಲ್ಲಿ ಸೋಂಕು ತಗುಲಿದ ಮೊದಲ ವ್ಯಕ್ತಿಯ ವೈರಸ್ಸಿನಲ್ಲಾದರೋ 631 ಹಾಗೆಯೇ ಇದ್ದು 627 ಬದಲಾಗಿತ್ತು. 2025ರ ಆರಂಭದಲ್ಲಿ ನೆವಾಡಾದ ಹಸುಗಳಿಗೆ ಪ್ರತ್ಯೇಕವಾಗಿ ದಾಟಿದ ಡಿ1.1 ಜೀನೋಟೈಪಿನಲ್ಲಿ 701ನೇ ಸ್ಥಾನದ ಬದಲಾವಣೆ ಕಂಡುಬಂತು. ಒಂದೇ ಅಡ್ಡಿಯನ್ನು ದಾಟಲು ವೈರಸ್ಸಿಗೆ ಹಲವು ದಾರಿಗಳಿವೆ ಎಂಬುದನ್ನು ಕವಲಿನ ಮೇಲೆ ಮೌಸ್ ಇಟ್ಟು, ಅಲ್ಲಿ ನಡೆದ ಬದಲಾವಣೆಗಳ ಪಟ್ಟಿಯನ್ನು ಓದುತ್ತಾ ಹೋದಂತೆ ತಾನಾಗಿಯೇ ಅರಿಯಬಹುದು.

ಇಷ್ಟಾಗಿಯೂ ಒಂದು ಬದಲಾವಣೆ ಏನು ಮಾಡುತ್ತದೆ ಎಂಬುದನ್ನು ವೃಕ್ಷ ಹೇಳಲಾರದು, ಈ ಮಿತಿಯನ್ನು ಬಳಕೆದಾರರು ಗಟ್ಟಿಯಾಗಿ ನೆನಪಿಡಬೇಕು. 1978ರಲ್ಲಿ ಜಗತ್ತಿನಾದ್ಯಂತ ನಾಯಿಮರಿಗಳನ್ನು ಕೊಂದ ಪಾರ್ವೊವೈರಸ್, ಬೆಕ್ಕಿನ ವೈರಸ್ಸಿಗೆ ಅತಿ ಸಮೀಪದ ಸಂಬಂಧಿ. ಅದರ ಹೊರಕವಚದ 93 ಮತ್ತು 323ನೇ ಸ್ಥಾನಗಳ ಬದಲಾವಣೆಯಿಂದ ಅದು ನಾಯಿಯ ಜೀವಕೋಶದ ಮೇಲಿರುವ ಟ್ರಾನ್ಸ್‌ಫೆರಿನ್ ಗ್ರಾಹಕಕ್ಕೆ (ರಿಸೆಪ್ಟರ್) ಅಂಟಿಕೊಳ್ಳುತ್ತದೆ ಎಂಬುದು ಖಚಿತವಾದದ್ದು, ಅವುಗಳನ್ನೇ ಬದಲಿಸಿ ನಡೆಸಿದ ಪ್ರಯೋಗಗಳಿಂದ. ಹಾಗೆಯೇ ಹಸುವಿನ ಎಚ್5ಎನ್1 ಜೀವಕೋಶಕ್ಕೆ ಅಂಟಿಕೊಳ್ಳಲು ಬಳಸುವ ಹಿಮಾಗ್ಲುಟಿನಿನ್ ಪ್ರೋಟೀನಿನಲ್ಲಿ 226ನೇ ಸ್ಥಾನದ ಒಂದೇ ಬದಲಾವಣೆ ಅದರ ಒಲವನ್ನು ಹಕ್ಕಿಯ ಮಾದರಿಯ ಗ್ರಾಹಕದಿಂದ ಮನುಷ್ಯನ ಮಾದರಿಯ ಗ್ರಾಹಕದ ಕಡೆಗೆ ತಿರುಗಿಸಬಲ್ಲದು ಎಂದು 2024ರ ಡಿಸೆಂಬರಿನಲ್ಲಿ ತಿಳಿಸಿದ್ದೂ ಪ್ರಯೋಗಾಲಯವೇ.

ಈ 226 ಎಂಬ ಸಂಖ್ಯೆಯ ವಿಷಯದಲ್ಲಿ ನನ್ನದೊಂದು ಆಕ್ಷೇಪವಿದೆ. ಅದು ಇನ್‌ಫ್ಲುಯೆಂಜಾದ ಇನ್ನೊಂದು ಬಗೆಯಾದ ಎಚ್3 ವೈರಸ್ಸಿನ ಎಣಿಕೆ. ಎಚ್5ರ ಎಣಿಕೆಯಲ್ಲಿ ಅದೇ ಸ್ಥಾನ 222, ಪ್ರೋಟೀನಿನ ಆರಂಭದ ಸಂಕೇತ ಪೆಪ್ಟೈಡ್ ಸೇರಿಸಿ ಎಣಿಸಿದರೆ 238. ಸಂಶೋಧನಾ ಲೇಖನದಲ್ಲಿ ಕಂಡ ಸಂಖ್ಯೆಯನ್ನು ಹಾಗೆಯೇ ನಮೂದಿಸಿದರೆ ಸಂಬಂಧವೇ ಇಲ್ಲದ ಸ್ಥಾನವೊಂದಕ್ಕೆ ಬಣ್ಣ ಬೀಳಬಹುದು. ಸ್ಥಾನ ನಮೂದಿಸುವ ಜಾಗದ ಪಕ್ಕದಲ್ಲೇ ಹೊಂದಾಣಿಕೆಯ ಪಟ್ಟಿಯೊಂದು ಇರಲೇಬೇಕು.

ದತ್ತಾಂಶದ ಕೊರತೆಗೆ ಜಾಲತಾಣವನ್ನು ದೂರುವಂತಿಲ್ಲ. ಹಸುಗಳ ಸೋಂಕಿನ ಆರಂಭದಲ್ಲಿ ಸಾರ್ವಜನಿಕವಾಗಿ ಸಿಕ್ಕ ಅನೇಕ ಜೀನ್ ಅನುಕ್ರಮಗಳಿಗೆ ಮಾದರಿ ಸಂಗ್ರಹಿಸಿದ ನಿಖರ ದಿನಾಂಕವಾಗಲಿ ರಾಜ್ಯದ ಹೆಸರಾಗಲಿ ಇರಲಿಲ್ಲ. ಭೂಪಟದ ಮೇಲೆ ಚುಕ್ಕಿಯಿಲ್ಲದ ಜಾಗದಲ್ಲಿ ವೈರಸ್ ಇಲ್ಲವೆಂದು ಭಾವಿಸುವುದೂ ತಪ್ಪು, ಅಲ್ಲಿ ಪರೀಕ್ಷೆಯೇ ನಡೆದಿರಲಿಕ್ಕಿಲ್ಲ. ಇನ್ನು ಇನ್‌ಫ್ಲುಯೆಂಜಾದ ಎಂಟು ಜೀನ್ ಖಂಡಗಳು ಪರಸ್ಪರ ಅದಲುಬದಲಾಗುವುದರಿಂದ ಒಂದು ಖಂಡದ ವೃಕ್ಷವನ್ನಷ್ಟೇ ನೋಡಿ ಇಡೀ ವೈರಸ್ಸಿನ ಚರಿತ್ರೆಯನ್ನು ಹೇಳಲು ಹೊರಡಬಾರದು.

ಪಶುವೈದ್ಯಕೀಯ ಪ್ರಯೋಗಾಲಯಗಳಲ್ಲಿ ಕೆಲಸ ಮಾಡುವವರಿಗೆ ಇದರ ಜೊತೆಗಿರುವ ನೆಕ್ಸ್ಟ್‌ಕ್ಲೇಡ್ ಇನ್ನೂ ಹೆಚ್ಚು ಉಪಯುಕ್ತ. ತಮ್ಮ ಬಳಿಯಿರುವ ಅನುಕ್ರಮದ ಫಾಸ್ಟಾ ಕಡತವನ್ನು (ಅನುಕ್ರಮವನ್ನು ಅಕ್ಷರಗಳಲ್ಲಿ ಬರೆದಿಡುವ ಪಠ್ಯ ಕಡತ) ಅದಕ್ಕೆ ಕೊಟ್ಟರೆ ಆಧಾರ ಅನುಕ್ರಮಕ್ಕೆ ಹೋಲಿಸಿ ಬದಲಾವಣೆಗಳನ್ನು ಪಟ್ಟಿ ಮಾಡುತ್ತದೆ. ಲೆಕ್ಕಾಚಾರವೆಲ್ಲ ಬಳಕೆದಾರರ ಬ್ರೌಸರಿನಲ್ಲೇ ನಡೆಯುವುದರಿಂದ ಪ್ರಕಟಿಸದ ಮಾಹಿತಿ ಕಂಪ್ಯೂಟರಿನಿಂದ ಹೊರಹೋಗುವುದಿಲ್ಲ. ಅನುಕ್ರಮದಲ್ಲಿ ಓದಲಾಗದ ಭಾಗಗಳೆಷ್ಟು, ಸಂದಿಗ್ಧ ಸ್ಥಾನಗಳೆಷ್ಟು ಎಂಬ ಗುಣಮಟ್ಟದ ಸೂಚನೆಯನ್ನೂ ಅದು ಕೊಡುತ್ತದೆ. ಹೊಸ ಪ್ರಾಣಿಯಲ್ಲಿ ಹೊಸ ರೂಪಾಂತರ ಕಂಡಿತೆಂದು ವರದಿ ಬರೆಯುವ ಮುನ್ನ ಆ ಸೂಚನೆಯನ್ನು ನೋಡಲೇಬೇಕು.