ತುಮಕೂರಿನ ಪಾಸು, ಮಲ್ಲೇಶ್ವರದ ತಿಂಡಿ: ಹನ್ನೆರಡು ವರ್ಷ ತಿಂದವನ ಅಭಿಪ್ರಾಯ

ನಾನು ತುಮಕೂರಿನವನು. 2013ರಿಂದ ಮಾಸಿಕ ಪಾಸು ಮಾಡಿಸಿಕೊಂಡು ಬೆಳಗಿನ ರೈಲಿನಲ್ಲಿ ಬೆಂಗಳೂರಿನ ಮಲ್ಲೇಶ್ವರಕ್ಕೆ ಕೆಲಸಕ್ಕೆ ಹೋಗಿಬರುತ್ತಿದ್ದೇನೆ. 2020ರ ಮಾರ್ಚ್‌ನಲ್ಲಿ ರೈಲುಗಳು ನಿಂತಾಗಿನ ದೀರ್ಘ ಬಿಡುವನ್ನು ಕಳೆದರೆ, ವಾರಕ್ಕೆ ಐದಾರು ದಿನ ನನ್ನ ಬೆಳಗಿನ ತಿಂಡಿ ಅಲ್ಲಿಯೇ ಆಗಿದೆ. ಮನೆಯಲ್ಲಿ ರಾತ್ರಿಯೇ ಹಿಟ್ಟು ರುಬ್ಬಿಟ್ಟಿದ್ದರೂ ನಾನು ಹೊರಡುವ ಹೊತ್ತಿಗೆ ಇಡ್ಲಿ ಬೇಯಿಸಿಕೊಡಿ ಎಂದು ಯಾರನ್ನೂ ಎಬ್ಬಿಸುವ ಧೈರ್ಯ ನನಗಿಲ್ಲ. ಒಂದು ಭಾನುವಾರ ಸುತ್ತಾಡಿ, ನಾಲ್ಕು ಕಡೆ ರುಚಿ ನೋಡಿ ಮಲ್ಲೇಶ್ವರದ ಬಗ್ಗೆ ಬರೆದವರು ಬೇಕಾದಷ್ಟು ಮಂದಿ ಇದ್ದಾರೆ. ನಾನು ಅದೇ ಇಡ್ಲಿಯನ್ನು ಮಳೆಯಲ್ಲಿ, ಚಳಿಯಲ್ಲಿ, ಚಿಕ್ಕಬಾಣಾವರದ ಸಿಗ್ನಲ್‌ನಲ್ಲಿ ರೈಲು ಮುಕ್ಕಾಲು ಗಂಟೆ ನಿಂತು ತಡವಾದ ದಿನಗಳಲ್ಲಿ, ಸಂಬಳ ಬರುವ ಹಿಂದಿನ ದಿನ ತಿಂದವನು. ನಮ್ಮೂರಿನಿಂದ ಹೊಸದಾಗಿ ಪಾಸು ಮಾಡಿಸುವವರು ಕೇಳುವ ಮೊದಲ ಪ್ರಶ್ನೆಯೇ ತಿಂಡಿಯದಾದ್ದರಿಂದ, ರೈಲಿನ ಡಬ್ಬಿಯಲ್ಲಿ ಬಾಯಿಮಾತಿನಲ್ಲಿ ಹೇಳುತ್ತಿದ್ದುದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲು ದಾರಿಯ ಮಾತು. 1898ರ ಪ್ಲೇಗಿನ ನಂತರ ಹಳೆಯ ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ನೆಲೆಗೊಳಿಸಲು ಬಸವನಗುಡಿಯ ಜೊತೆಗೆ ನಿರ್ಮಿಸಿದ ಬಡಾವಣೆ ಮಲ್ಲೇಶ್ವರ. ಹಾಗಾಗಿ ಅದರ ರಸ್ತೆಗಳು ಗೆರೆ ಎಳೆದಂತೆ ನೇರವಾಗಿವೆ: ಉದ್ದಕ್ಕೆ ಸಂಪಿಗೆ ರಸ್ತೆ ಮತ್ತು ಮಾರ್ಗೋಸಾ ರಸ್ತೆ, ಅಡ್ಡಕ್ಕೆ ಅಂಕೆ ಹಾಕಿದ ಕ್ರಾಸುಗಳು. ಮಾರ್ಗೋಸಾ ಎಂದರೆ ನಮ್ಮ ಬೇವೇ. ರೈಲು ನಿಲ್ದಾಣ ದಕ್ಷಿಣದ ತುದಿಯಲ್ಲಿದ್ದು, ಕ್ರಾಸಿನ ಸಂಖ್ಯೆ ಏರಿದಷ್ಟೂ ನಡಿಗೆ ಹೆಚ್ಚುತ್ತದೆ. ಏಳನೇ ಕ್ರಾಸಿಗೆ ಸುಮಾರು ಹದಿನೈದು ನಿಮಿಷ, ಹದಿನೈದನೆಯದಕ್ಕೆ ಅದರ ಇಮ್ಮಡಿಯ ಹತ್ತಿರ. ರೈಲು ಎಷ್ಟು ತಡವಾಯಿತು ಎಂಬುದರ ಮೇಲೆ ಆ ದಿನದ ಹೋಟೆಲು ತೀರ್ಮಾನವಾಗುತ್ತದೆ.

ನನ್ನ ಅಳತೆಗೋಲು ಚಟ್ನಿ. ತೆಂಗಿನ ಜಿಲ್ಲೆಯವನಿಗೆ, ತಿಪಟೂರಿನ ಕೊಬ್ಬರಿ ಮಾರುಕಟ್ಟೆಯ ಧಾರಣೆಯನ್ನು ಮನೆಯಲ್ಲಿ ಹವಾಮಾನದಂತೆ ಚರ್ಚಿಸುವವರ ನಡುವೆ ಬೆಳೆದವನಿಗೆ, ಚಟ್ನಿಯಲ್ಲಿ ಕಾಯಿ ಎಷ್ಟು, ಹುರಿಗಡಲೆ ಎಷ್ಟು ಎಂಬುದು ಮೊದಲ ತುತ್ತಿಗೇ ತಿಳಿಯುತ್ತದೆ. ಮಲ್ಲೇಶ್ವರದ ಮಟ್ಟಿಗೆ ಈ ಅಳತೆ ಇನ್ನೂ ಸೂಕ್ತವಾದುದು, ಏಕೆಂದರೆ ಅಲ್ಲಿನ ಹೆಸರುವಾಸಿ ತಿಂಡಿಯಂಗಡಿಗಳ ಪದ್ಧತಿಯೇ ಇಡ್ಲಿಗಾಗಲಿ ದೋಸೆಗಾಗಲಿ ಸಾಂಬಾರಿಲ್ಲದೆ ಬರೀ ಚಟ್ನಿ ಕೊಡುವುದು. ಸಾಂಬಾರಿನಲ್ಲಿ ಹಿಟ್ಟಿನ ಲೋಪಗಳನ್ನು ಮುಳುಗಿಸಿಬಿಡಬಹುದು. ಚಟ್ನಿಯೊಂದನ್ನೇ ಕೊಡುವವನಿಗೆ ಆ ಅನುಕೂಲವಿಲ್ಲ.

ನಿಲ್ದಾಣದ ಎದುರಿನ ರಾಘವೇಂದ್ರ ಸ್ಟೋರ್ಸ್ ನನ್ನ ಲೆಕ್ಕದಲ್ಲಿ ಪಾಸಿನವರ ಅನ್ನದಾತ. ಹೆಸರಿನಲ್ಲಿ ಸ್ಟೋರ್ಸ್ ಎಂದಿದ್ದರೂ ಸಿಗುವುದು ಇಡ್ಲಿ, ಉದ್ದಿನ ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ. ಜಾಗ ಚಿಕ್ಕದು, ನಿಂತೇ ತಿನ್ನಬೇಕು. ರೈಲಿಳಿದು ಚೀಟಿ ಪಡೆದು, ತಿಂದು, ಕಾಫಿ ಮುಗಿಸಿ ಹೊರಡಲು ನನಗೆ ಹನ್ನೆರಡು ನಿಮಿಷ ಸಾಕಾಗಿದೆ. ಇದನ್ನು ಗಡಿಯಾರ ನೋಡಿಯೇ ಹೇಳುತ್ತಿದ್ದೇನೆ. ಇಲ್ಲಿನ ಖಾರಾಬಾತ್ ಕುರಿತು ಒಂದು ಮಾತು ಹೇಳಲೇಬೇಕು. ರವೆ ಹುರಿಯುವುದರಲ್ಲಿ ಅವಸರ ಮಾಡಿದರೆ ಉಪ್ಪಿಟ್ಟು ತಣ್ಣಗಾದಂತೆ ಅಂಟಾಗುತ್ತದೆ. ಇಲ್ಲಿ ರೈಲು ತಡವಾಗಿ ಒಂಬತ್ತೂವರೆಗೆ ಬಂದಾಗಲೂ ಬಾತು ಚಮಚಕ್ಕೆ ಅಂಟದೆ ಬಿಡಿಯಾಗಿ ಬಂದದ್ದೇ ಹೆಚ್ಚು. ಖಾರ ಒಂದು ಪ್ಲೇಟ್, ಕೇಸರಿ ಒಂದು ಪ್ಲೇಟ್ ಎಂದು ಎರಡನ್ನೂ ತಿನ್ನುವ ವಯಸ್ಸು ದಾಟಿದ ಮೇಲೆ, ಅರಸೀಕೆರೆಯ ಕಡೆಯಿಂದ ಬರುವ ನನ್ನ ಸಹಪ್ರಯಾಣಿಕರೊಬ್ಬರೊಡನೆ ಚೌಚೌ ಬಾತ್ ಹಂಚಿಕೊಳ್ಳುವ ಒಪ್ಪಂದ ಮಾಡಿಕೊಂಡಿದ್ದೇನೆ. ಅವರು ಕೇಸರಿಯ ಕಡೆಯಿಂದ ಆರಂಭಿಸುತ್ತಾರೆ, ನಾನು ಖಾರದ ಕಡೆಯಿಂದ. ಈವರೆಗೆ ಗಡಿ ವಿವಾದ ಬಂದಿಲ್ಲ.

ಹದಿನೈದನೇ ಕ್ರಾಸಿನ ಬಳಿ, ಮಾರ್ಗೋಸಾ ರಸ್ತೆಯಲ್ಲಿರುವ ವೀಣಾ ಸ್ಟೋರ್ಸ್ 1977ರಿಂದ ನಡೆಯುತ್ತಿದೆ. ಅಲ್ಲಿಗೆ ರೈಲು ವೇಳೆಗೆ ಸರಿಯಾಗಿ ಬಂದ ದಿನ ಮಾತ್ರ ಹೋಗುತ್ತೇನೆ. ಕೂರಲು ವ್ಯವಸ್ಥೆ ಇಲ್ಲ. ಪಾದಚಾರಿ ಮಾರ್ಗ, ಪಕ್ಕದ ಕಾಂಪೌಂಡಿನ ಗೋಡೆ, ನಿಲ್ಲಿಸಿದ ಸ್ಕೂಟರಿನ ಸೀಟು, ಎಲ್ಲವೂ ಮೇಜಾಗುತ್ತವೆ. ಇಡ್ಲಿ ಮೆತ್ತಗಿದ್ದೂ ಮುರಿದರೆ ಪುಡಿಯಾಗುವುದಿಲ್ಲ. ಚಟ್ನಿ ನೀರಾಗಿ, ಹಸಿಮೆಣಸಿನ ಖಾರ ಕೊನೆಯಲ್ಲಿ ಹತ್ತುವ ಹಾಗೆ ಇರುತ್ತದೆ. ಇಡ್ಲಿಯ ಮೇಲೆ ಧಾರಾಳವಾಗಿ ಸುರಿಯುತ್ತಾರೆ, ಬಟ್ಟಲು ಬರಿದಾದರೆ ಮತ್ತೆ ಹಾಕುತ್ತಾರೆ. ಕೆಲವು ಸ್ನೇಹಿತರು ಇದನ್ನು ಬಹಳ ತೆಳು ಎನ್ನುತ್ತಾರೆ. ಇಡ್ಲಿ ಹೀರಿಕೊಳ್ಳಬೇಕಾದರೆ ಚಟ್ನಿ ಹರಿಯಬೇಕು ಎಂಬುದು ನನ್ನ ಪಕ್ಷ. ಶಾವಿಗೆಬಾತ್ ಸಿಕ್ಕರೆ ಬಿಡಬೇಡಿ. ಧನುರ್ಮಾಸದ ಚಳಿಯಲ್ಲಿ ಹಿಟ್ಟು ಹುದುಗುವುದು ನಿಧಾನವಾದ್ದರಿಂದ ಊರಿನ ಎಲ್ಲ ಇಡ್ಲಿಗಳೂ ಡಿಸೆಂಬರ್, ಜನವರಿಯಲ್ಲಿ ಒಂದಿಷ್ಟು ಬಿಗಿಯಾಗುತ್ತವೆ; ಆ ತಿಂಗಳಲ್ಲಿ ಮೊದಲ ಸಲ ಹೋಗಿ ತೀರ್ಪು ಕೊಡುವುದು ನ್ಯಾಯವಲ್ಲ.

ತುಮಕೂರಿನವರಾಗಿ ಇನ್ನೊಬ್ಬರ ಇಡ್ಲಿಯನ್ನು ಹೊಗಳುವುದು ಸುಲಭವಲ್ಲ ಎಂಬುದನ್ನೂ ದಾಖಲಿಸಬೇಕು. ರೈಲು ಹೊರಟ ನಂತರದ ಮೊದಲ ನಿಲ್ದಾಣವೇ ಕ್ಯಾತ್ಸಂದ್ರ, ತಟ್ಟೆ ಇಡ್ಲಿಯ ಊರು. ಅಲ್ಲಿ ಹತ್ತುವವರು ಮಲ್ಲೇಶ್ವರದ ಇಡ್ಲಿಯನ್ನು ನೋಡಿ, “ಇದೇನ್ ಸಾರ್, ಮಕ್ಕಳಿಗೆ ಮಾಡಿದ್ದಾ?” ಎನ್ನುವುದನ್ನು ನಾನೇ ಕೇಳಿದ್ದೇನೆ. ಆದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು. ತಟ್ಟೆ ಇಡ್ಲಿ ಅಗಲವಾಗಿ ಬೇಯುತ್ತದೆ, ಮೇಲೆ ಬೆಣ್ಣೆ ಬೇಡುತ್ತದೆ, ಕೂತು ತಿನ್ನುವವರದು. ಮಲ್ಲೇಶ್ವರದ್ದು ನಿಂತವರ ಇಡ್ಲಿ. ಎರಡೂ ಕಡೆಗೆ ಅನ್ವಯವಾಗುವ ವಿಷಯ ಬೇರೆಯೇ ಇದೆ. 2025ರ ಫೆಬ್ರುವರಿಯಲ್ಲಿ ರಾಜ್ಯದ ಆಹಾರ ಸುರಕ್ಷತಾ ಅಧಿಕಾರಿಗಳು ಸುಮಾರು 250 ಕಡೆ ಪರಿಶೀಲಿಸಿ, 50ಕ್ಕೂ ಹೆಚ್ಚು ಕಡೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆಯ ಮೇಲೆ ಇಡ್ಲಿ ಬೇಯಿಸುತ್ತಿದ್ದುದನ್ನು ಕಂಡ ಮೇಲೆ ಸರ್ಕಾರ ಅದನ್ನು ನಿಷೇಧಿಸಿತು. ಅಂದಿನಿಂದ ಎಲ್ಲಿಯೇ ಆಗಲಿ, ಹಬೆಯ ಪೆಟ್ಟಿಗೆ ತೆರೆದಾಗ ಒಳಗೊಮ್ಮೆ ಇಣುಕಿ ನೋಡುವುದು ನನ್ನ ರೂಢಿ. ಒದ್ದೆ ಬಟ್ಟೆಯ ನೇಯ್ಗೆ ಇಡ್ಲಿಯ ಬೆನ್ನಿನ ಮೇಲೆ ಅಚ್ಚಾಗಿ ಮೂಡಿರುತ್ತದೆ. ಅದು ಕಂಡರೆ ನಿಶ್ಚಿಂತೆಯಿಂದ ತಿನ್ನಬಹುದು.

ಇನ್ನು ಎಲ್ಲರೂ ಕೇಳುವ ಸಿ.ಟಿ.ಆರ್. ಏಳನೇ ಕ್ರಾಸು, ಮಾರ್ಗೋಸಾ ರಸ್ತೆ ಕೂಡುವ ಮೂಲೆಯಲ್ಲಿ ಫಲಕದ ಮೇಲೆ ಶ್ರೀ ಸಾಗರ್ ಎಂದಿದ್ದರೂ, ಸೆಂಟ್ರಲ್ ಟಿಫಿನ್ ರೂಮ್ ಎಂಬ ಹಳೆಯ ಹೆಸರಿನ ಮೂರಕ್ಷರಗಳನ್ನೇ ಜನ ಇಂದಿಗೂ ಹೇಳುತ್ತಾರೆ. ಬೆಣ್ಣೆ ಮಸಾಲೆ ದೋಸೆಯ ಖ್ಯಾತಿ ಸುಳ್ಳಲ್ಲ: ದಪ್ಪ ಕಾವಲಿಯ ಮೇಲೆ ಬೆಣ್ಣೆಯಲ್ಲಿ ನಿಧಾನವಾಗಿ ಹುರಿದಂತೆ ಬೇಯುವ ಹೊರಪದರ ಗಾಢ ಕಂದು ಬಣ್ಣಕ್ಕೆ ತಿರುಗಿ ಗರಿಗರಿಯಾಗುತ್ತದೆ, ಒಳಗೆ ಮಾತ್ರ ಹತ್ತಿಯಂತೆ ಉಳಿಯುತ್ತದೆ, ಪಲ್ಯ ಮಿತವಾಗಿರುತ್ತದೆ. ಇಷ್ಟಾದರೂ ನನ್ನ ತೀರ್ಪು ಇದು ದಿನದ ತಿಂಡಿಯಲ್ಲ ಎಂಬುದೇ. ಮೊದಲ ವರ್ಷ ಹುಮ್ಮಸ್ಸಿನಲ್ಲಿ ವಾರಕ್ಕೆ ಮೂರು ದಿನ ತಿಂದು, ಹನ್ನೊಂದು ಗಂಟೆಗೆ ಕಡತದ ಮುಂದೆ ತೂಕಡಿಸಿ, ವೈದ್ಯರಿಂದ ಕೊಬ್ಬಿನಂಶದ ಬಗ್ಗೆ ಉಪದೇಶ ಕೇಳಿಸಿಕೊಂಡ ಮೇಲೆ ತಿಂಗಳಿಗೆ ಒಂದಕ್ಕೆ ಇಳಿಸಿದ್ದೇನೆ. ಆ ಒಂದರ ರುಚಿ ಮಾತ್ರ ಏರಿದೆ. ಶನಿವಾರ, ಭಾನುವಾರ ಅಲ್ಲಿನ ಜನಸಂದಣಿಯಲ್ಲಿ ಕಾಯುವ ಸಹನೆ ನನಗಿಲ್ಲ. ವಾರದ ನಡುವೆ ಬೆಳಿಗ್ಗೆ ಎಂಟರೊಳಗೆ, ಒಬ್ಬರೇ ಹೋದರೆ, ಅಪರಿಚಿತರ ಮೇಜಿನಲ್ಲಿ ಖಾಲಿಯಿರುವ ಒಂದು ಕುರ್ಚಿ ಬೇಗ ಸಿಗುತ್ತದೆ. ಮೇಜು ಹಂಚಿಕೊಳ್ಳುವುದು ಅಲ್ಲಿನ ಮರ್ಯಾದೆಯೇ. ಸಂಕೋಚಪಟ್ಟವರು ನಿಂತೇ ಇರುತ್ತಾರೆ. ಮಧ್ಯಾಹ್ನ ಕೆಲ ಗಂಟೆ ಬಾಗಿಲು ಮುಚ್ಚುತ್ತಾರೆ ಎಂಬುದು ಹೊರಗಿನಿಂದ ಬರುವವರಿಗೆ ನೆನಪಿರಲಿ. ಸಂಜೆ ಹೋದರೆ ಮಂಗಳೂರು ಬಜ್ಜಿ ಕೇಳಿ.

ಸಂಪಿಗೆ ರಸ್ತೆಯ ನ್ಯೂ ಕೃಷ್ಣ ಭವನ 2022ರ ಡಿಸೆಂಬರ್‌ನಲ್ಲಿ ಮುಚ್ಚಿತು. 1954ರಿಂದ ನಡೆದಿದ್ದ ಆ ಹೋಟೆಲಿನ ಹಸಿರು ಮಸಾಲೆ ಇಡ್ಲಿಗೆ ಬದಲಿ ನನಗೆ ಸಿಕ್ಕಿಲ್ಲ, ಹುಡುಕುವುದನ್ನೂ ಬಿಟ್ಟಿದ್ದೇನೆ. ಕೂತು, ಮಾತಾಡುತ್ತಾ, ಸಾಗು ದೋಸೆಯೊಡನೆ ಅರ್ಧ ಗಂಟೆ ಕಳೆಯಬೇಕೆಂದಾಗ ಈಗ ಎಂಟನೇ ಕ್ರಾಸಿನ ಜನತಾ ಹೋಟೆಲಿಗೆ ಹೋಗುತ್ತೇನೆ.

ಮಧ್ಯಾಹ್ನದ ಊಟದ ವಿಷಯದಲ್ಲಿ ನಾನು ಬಡಾವಣೆಗೆ ಅಷ್ಟು ಅಂಕ ಕೊಡಲಾರೆ. ತಿಂಡಿಗೆ ಹೆಸರಾದ ಜಾಗದಲ್ಲಿ ಊಟವೂ ಹಾಗೆಯೇ ಇರುತ್ತದೆಂದು ಭಾವಿಸಿ ಕಚೇರಿಯ ಹತ್ತಿರದ ಒಂದು ಮೆಸ್ಸಿನಲ್ಲಿ ತಿಂಗಳ ಹಣ ಮುಂಗಡ ಕಟ್ಟಿದ್ದೆ. ಎರಡನೇ ವಾರಕ್ಕೆ ಸಾರು ಮತ್ತು ಹುಳಿಯ ನಡುವಿನ ವ್ಯತ್ಯಾಸ ಬಣ್ಣದಲ್ಲಿ ಮಾತ್ರ ಉಳಿಯಿತು, ಮೂರನೇ ವಾರ ಹೊಟ್ಟೆ ಕೆಟ್ಟಿತು, ಉಳಿದ ಹಣ ವಾಪಸು ಬರಲಿಲ್ಲ. ಮುದ್ದೆಯ ಹಂಬಲ ಬಂದಾಗ ಹಳ್ಳಿ ಮನೆ ಎಂಬ ಹೋಟೆಲಿಗೆ ಹೋಗಿದ್ದೇನೆ. ರಾಗಿ ಮುದ್ದೆ, ಅಕ್ಕಿ ರೊಟ್ಟಿ ಅಲ್ಲಿ ಸಿಗುತ್ತವೆ, ಆದರೆ ಮನೆಯಲ್ಲಿ ಬಸ್ಸಾರಿನೊಡನೆ ಮುದ್ದೆ ನುಂಗಿ ಬೆಳೆದವನಿಗೆ ಅದು ದಿನನಿತ್ಯ ಹೋಗುವ ಜಾಗವಾಗಲಿಲ್ಲ. ಕೊನೆಗೆ ಈಗ ಊಟದ ಡಬ್ಬಿ ಕಟ್ಟಿಕೊಂಡೇ ಹೋಗುತ್ತೇನೆ. ಅವರೆಕಾಯಿಯ ಕಾಲದಲ್ಲಿ ಎಂಟನೇ ಕ್ರಾಸಿನ ಮಾರುಕಟ್ಟೆಯಲ್ಲಿ ಸೊಗಡಿನ ಕಾಯಿ ಕೊಂಡು ಸಂಜೆ ರೈಲಿನಲ್ಲಿ ಸುಲಿಯುತ್ತಾ ಬಂದರೆ ಮರುದಿನದ ಡಬ್ಬಿಗೆ ಹಿತಕಿದ ಬೇಳೆ ಸಾರು ಖಾತ್ರಿ. ರೈಲಿನ ಡಬ್ಬಿಯಲ್ಲಿ ಸಿಪ್ಪೆ ಚೆಲ್ಲಬಾರದು ಎಂಬ ಷರತ್ತನ್ನು ಎಲ್ಲರೂ ಪಾಲಿಸುವುದಿಲ್ಲ, ಅದು ಬೇರೆ ದೂರು.

ಕುಡಿಯುವುದಕ್ಕೆ ಬಂದರೆ, ಮಲ್ಲೇಶ್ವರದಲ್ಲಿ ಕೆಟ್ಟ ಕಾಫಿ ಸಿಗುವುದು ಅಪರೂಪ, ಅಗ್ಗದ ಕಾಫಿ ಸಿಗುವುದು ಈಗ ಅದಕ್ಕಿಂತ ಅಪರೂಪ. ನಂದಿನಿ ಹಾಲಿಗೆ 2023ರ ಆಗಸ್ಟ್‌ನಲ್ಲಿ ಲೀಟರಿಗೆ 3 ರೂಪಾಯಿ, 2025ರ ಏಪ್ರಿಲ್‌ನಲ್ಲಿ ಮತ್ತೆ 4 ರೂಪಾಯಿ ಏರಿದಾಗ ಲೋಟದ ಬೆಲೆಯೂ ಏರಿತು. ಕೆಲವು ಕಡೆ ಬೆಲೆ ನಿಂತು ಲೋಟ ಕುಗ್ಗಿತು. ಬೈಟು ಹೇಳಿದರೆ ಮುಖ ಗಂಟಿಕ್ಕುವ ಕ್ಯಾಷಿಯರುಗಳಿರುವ ಜಾಗಕ್ಕೆ ನಾನು ಎರಡನೇ ಸಲ ಹೋಗುವುದಿಲ್ಲ. ಕಾಗದದ ಲೋಟದಲ್ಲಿ ಕೊಡುವಲ್ಲಿಗೂ ಅಷ್ಟೆ, ಡಿಕಾಕ್ಷನ್‌ನ ವಾಸನೆಗಿಂತ ಮೊದಲು ಮೇಣದ ವಾಸನೆ ಬರುತ್ತದೆ. ಬೇಸಿಗೆಯ ಮಧ್ಯಾಹ್ನಕ್ಕೆ ಈಟ್ ರಾಜಾ ಎಂಬ ಹಣ್ಣಿನ ರಸದ ಅಂಗಡಿಯನ್ನು ಹೇಳಬಹುದು: ಕಲ್ಲಂಗಡಿ, ಕರಬೂಜದಂತಹ ಹಣ್ಣುಗಳ ಸಿಪ್ಪೆಯನ್ನೇ ಬಟ್ಟಲು ಮಾಡಿ ಅದರಲ್ಲಿ ರಸ ಕೊಡುತ್ತಾರೆ, ಎಸೆಯಲು ಲೋಟವೇ ಇರುವುದಿಲ್ಲ. ಎಳನೀರನ್ನು ಮಾತ್ರ ನಾನು ಬೆಂಗಳೂರಿನಲ್ಲಿ ಹಣ ಕೊಟ್ಟು ಕುಡಿದಿಲ್ಲ. ತುಮಕೂರಿನವನ ಸ್ವಾಭಿಮಾನದ ಪ್ರಶ್ನೆ. ಆದರೂ 2025ರಲ್ಲಿ ತೆಂಗಿನಕಾಯಿ ಬೆಲೆ ಗಗನಕ್ಕೇರಿದಾಗ ಊರಿನಲ್ಲಿ ನಾವು ಸಂತೋಷಪಟ್ಟದ್ದು ನಿಜ, ಅದರ ಬಿಸಿ ಇಲ್ಲಿ ತಟ್ಟೆಯಲ್ಲಿ ಕಂಡದ್ದೂ ನಿಜ: ಹೆಸರು ಬೇಡವಾದ ಎರಡು ಕಡೆ ಚಟ್ನಿ ಮೆಲ್ಲಗೆ ಹುರಿಗಡಲೆಯ ಕಡೆಗೆ ವಾಲಿತು.

ಜೇಬಿನಲ್ಲಿ ಚಿಲ್ಲರೆ ಇರಲಿ. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸುಗಳು ಬಂದಾಗ, ಬೆಂಗಳೂರಿನ ಅನೇಕ ಸಣ್ಣ ಅಂಗಡಿಗಳಂತೆ ನಾನು ಹೋಗುವ ಕಾಫಿ ಗೂಡಂಗಡಿಯಲ್ಲೂ ಕ್ಯೂಆರ್ ಫಲಕ ಮಾಯವಾಯಿತು. ಆ ವಾರ ಐನೂರರ ನೋಟು ಹಿಡಿದು ನಿಂತವರ ಪಾಡು ನೋಡಬೇಕಿತ್ತು.

ಮನೆಯವರೊಡನೆ ಭಾನುವಾರ ಬರುವವರು ರೈಲನ್ನೇ ನೆಚ್ಚಬೇಕಿಲ್ಲ. 2024ರ ನವೆಂಬರ್‌ನಲ್ಲಿ ಹಸಿರು ಮಾರ್ಗದ ಮೆಟ್ರೊ ಮಾದಾವರದವರೆಗೆ ಬಂದ ನಂತರ, ತುಮಕೂರು ರಸ್ತೆಯ ಬಸ್ಸಿನಿಂದ ಅಲ್ಲಿಯೇ ಇಳಿದು, ಗೊರಗುಂಟೆಪಾಳ್ಯದ ವಾಹನಗಳ ಸಾಲನ್ನು ಮೇಲಿನಿಂದ ನೋಡುತ್ತಾ ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆ ನಿಲ್ದಾಣ ತಲುಪಬಹುದು. ಕಾರ್ತಿಕದಲ್ಲಿ ಬಂದರೆ ಕಾಡು ಮಲ್ಲೇಶ್ವರನ ಗುಡಿಯ ಬಳಿ ಕಡಲೆಕಾಯಿ ಪರಿಷೆ ನಡೆಯುತ್ತಿದೆಯೇ ನೋಡಿಕೊಳ್ಳಿ. ಬಿಸಿ ಕಾಯಿ ಕೊಂಡು ಎದುರಿನ ನಂದಿ ತೀರ್ಥದವರೆಗೆ ನಡೆದರೆ ಮಕ್ಕಳಿಗೂ ಬೇಸರವಾಗದು.

ಊರಿಗೆ ಏನು ಕಟ್ಟಿಸಿಕೊಂಡು ಬರಬೇಕು ಎಂಬುದನ್ನೂ ಪರೀಕ್ಷಿಸಿದ್ದೇನೆ. ಇಡ್ಲಿ ದಾಬಸ್‌ಪೇಟೆಗೆ ಬರುವಷ್ಟರಲ್ಲಿ ಗಟ್ಟಿಯಾಗುತ್ತದೆ, ಚಟ್ನಿ ಅದಕ್ಕೂ ಮೊದಲೇ ಹುಳಿಯುವ ಲಕ್ಷಣ ತೋರುತ್ತದೆ, ದೋಸೆಯ ಪ್ರಯತ್ನವನ್ನು ಒಮ್ಮೆ ಮಾಡಿ ಮನೆಯಲ್ಲಿ ನಗೆಪಾಟಲಾಗಿದ್ದೇನೆ. ತಡೆಯುವುದು ಕಾಫಿಪುಡಿ ಒಂದೇ. ಕಣ್ಣೆದುರೇ ಬೀಜ ಹುರಿದು ಪುಡಿ ಮಾಡಿಕೊಡುವ ಅಂಗಡಿಯಲ್ಲಿ ಎಂಬತ್ತು ಭಾಗ ಕಾಫಿಗೆ ಇಪ್ಪತ್ತು ಭಾಗ ಚಿಕೋರಿಯಂತೆ ಅರ್ಧ ಕೆಜಿ ತರುತ್ತೇನೆ. ಆದರೆ ಮಲ್ಲೇಶ್ವರದಲ್ಲಿ ಕಾವೇರಿ ನೀರು, ನಮ್ಮ ಬೀದಿಯಲ್ಲಿ ಬುಗುಡನಹಳ್ಳಿ ಕೆರೆಯಿಂದ ಹೇಮಾವತಿ ನೀರು ಬಿಟ್ಟ ದಿನ ಒಂದು ರುಚಿ, ಬೋರ್‌ವೆಲ್ಲಿನ ಗಡಸು ನೀರಿನ ದಿನ ಇನ್ನೊಂದು. ಬೋರ್‌ವೆಲ್ಲಿನ ದಿನ ಫಿಲ್ಟರಿಗೆ ಒಂದು ಚಮಚ ಪುಡಿ ಹೆಚ್ಚಿಗೆ ಹಾಕಬೇಕು.