ನರ ಸಿಗದ ಕೈಯವರಿಗೆ ಈ ಲ್ಯಾಬ್: ನಾಲ್ಕು ಸ್ಟಾರ್, ಒಂದು ತಕರಾರು

ಲ್ಯಾಬ್‌ಗಳ ಬಗ್ಗೆ ಜನ ಬರೆದಿದ್ದನ್ನು ಓದಿದರೆ ರಿಪೋರ್ಟ್ ಬೇಗ ಬಂತಾ, ಎ.ಸಿ. ಇತ್ತಾ, ಕೌಂಟರಿನವರು ನಗುತ್ತಾ ಮಾತಾಡಿದರಾ ಅನ್ನುವುದೇ ಇರುತ್ತದೆ. ನನಗೆ ಅದ್ಯಾವುದೂ ದೊಡ್ಡ ವಿಷಯವಲ್ಲ. ರಕ್ತ ತೆಗೆಯಲು ನನ್ನ ಕೈಯಲ್ಲಿ ನರ, ಅಂದರೆ ರಕ್ತನಾಳ, ಸಿಗುವುದಿಲ್ಲ. ಥೈರಾಯ್ಡ್ ಮಾತ್ರೆ ನುಂಗುವವಳು, ಡೋಸ್ ಸರಿಯಿದೆಯಾ ಅಂತ ಟಿಎಸ್‌ಎಚ್ ಅನ್ನುವ ರಕ್ತಪರೀಕ್ಷೆ ಮಾಡಿಸುತ್ತಲೇ ಇರಬೇಕು, ಜೊತೆಗೆ ಶುಗರ್, ಕೊಲೆಸ್ಟರಾಲ್ ಅಂತ ಡಾಕ್ಟರು ಇನ್ನೆರಡು ಸೇರಿಸುತ್ತಾರೆ. ಹೀಗಾಗಿ ನಾನು ಲ್ಯಾಬ್‌ಗೆ ಸ್ಟಾರ್ ಕೊಡುವುದು ಒಂದೇ ಒಂದು ವಿಷಯ ನೋಡಿ: ಸೂಜಿ ಹಿಡಿದವರಿಗೆ ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿದೆಯಾ?

ಹಿಂದೆ ಹೋಗುತ್ತಿದ್ದ ಕಡೆ ಗೊತ್ತಿರಲಿಲ್ಲ. ಹೆಸರು ಬೇಡ, ಬಿಡಿ. ಅಲ್ಲಿಯ ಹುಡುಗ ಚುಚ್ಚಿದ ಮೇಲೆ ರಕ್ತ ಬರದಿದ್ದರೆ ಸೂಜಿಯನ್ನು ಒಳಗಿಟ್ಟುಕೊಂಡೇ ಆಚೆ ಈಚೆ ಆಡಿಸುತ್ತಿದ್ದ. "ಮೇಡಂ, ನಿಮ್ ನರ ಜಾರ್ತಾ ಇದೆ" ಅಂತ ತಪ್ಪನ್ನು ನನ್ನ ಕೈ ಮೇಲೇ ಹಾಕುತ್ತಿದ್ದ. ನರ ಜಾರುವುದೇನೋ ನಿಜ. ಚುಚ್ಚುವ ಜಾಗದ ಸ್ವಲ್ಪ ಕೆಳಗೆ ಹೆಬ್ಬೆರಳು ಒತ್ತಿ ಚರ್ಮ ಬಿಗಿಯಾಗಿ ಎಳೆದು ಹಿಡಿದರೆ ಜಾರುವುದು ಕಡಿಮೆಯಾಗುತ್ತದೆ ಅನ್ನುವುದೂ ಅಷ್ಟೇ ನಿಜ. ಅವನ ಎಡಗೈ ಆ ಹೊತ್ತಿನಲ್ಲಿ ಟ್ಯೂಬ್‌ಗಳನ್ನು ಜೋಡಿಸುತ್ತಿರುತ್ತಿತ್ತು. ಮೊಣಕೈ ಮಡಿಕೆಯಲ್ಲಿ ಕಿರುಬೆರಳಿನ ಕಡೆಗೆ ಹೋಗುವ ರಕ್ತನಾಳದ ಹತ್ತಿರವೇ ಅಪಧಮನಿಯೂ ನರ್ವ್‌ಗಳೂ ಇರುತ್ತವೆ, ಅಲ್ಲಿ ಸುಮ್ಮನೆ ಕೆದಕುವ ಹಾಗೇ ಇಲ್ಲ. ಒಂದು ಸಲ ಬೆರಳ ತುದಿವರೆಗೂ ಝುಮ್ಮೆಂದು ನೋವು ಓಡಿತು. ಹಾಗಾದ ಕ್ಷಣವೇ ಸೂಜಿ ಹೊರಗೆ ತೆಗೆಯಬೇಕು. ಅವನು ತೆಗೆದದ್ದು ನಾನು ಕಿರುಚಿದ ಮೇಲೆ.

ಈಗ ಹೋಗುತ್ತಿರುವ ಲ್ಯಾಬ್‌ನಲ್ಲಿ ಕೂತ ತಕ್ಷಣ ಎಂದಿನಂತೆ "ನಂಗೆ ನರ ಸಿಗಲ್ಲ" ಅಂದೆ. ಸಾಮಾನ್ಯವಾಗಿ ಇದಕ್ಕೆ ಬರುವ ಉತ್ತರ "ನಮಗೆ ಸಿಗುತ್ತೆ ಬಿಡಿ". ಇಲ್ಲಿದ್ದ ಟೆಕ್ನಿಷಿಯನ್, ನನಗಿಂತ ಹಿರಿಯರು, "ಹೋದ ಸಲ ಯಾವ ಕೈಲಿ, ಎಲ್ಲಿ ಸಿಕ್ಕಿತ್ತು?" ಅಂತ ಕೇಳಿದರು. ಆಮೇಲೆ "ಆ ಕಡೆ ಕಂಕುಳಲ್ಲಿ, ಸ್ತನದಲ್ಲಿ ಆಪರೇಷನ್ ಏನಾದ್ರೂ ಆಗಿದ್ಯಾ?" ಅಂದರು. ಕಂಕುಳಿನ ಗ್ರಂಥಿ ತೆಗೆಸಿಕೊಂಡವರ ಆ ಬದಿಯ ಕೈಯನ್ನು ಸಾಧ್ಯವಾದಷ್ಟೂ ಬಿಡುತ್ತಾರೆ. ಮೂರನೆಯದು, "ಬೆಳಿಗ್ಗೆಯಿಂದ ನೀರು ಕುಡಿದ್ರಾ?" ಖಾಲಿ ಹೊಟ್ಟೆ ಅಂದರೆ ನೀರೂ ಬೇಡ ಅಂದುಕೊಂಡು ಗಂಟಲು ಒಣಗಿಸಿಕೊಂಡು ಬರುವವರು ಬಹಳ. ಡಾಕ್ಟರು ಬೇರೆ ಏನೂ ಹೇಳಿಲ್ಲದಿದ್ದರೆ ಈ ಟೆಸ್ಟ್‌ಗಳಿಗೆ ಬರೀ ನೀರು ಅಡ್ಡಿಯಿಲ್ಲ. ಮೈಯಲ್ಲಿ ನೀರು ಕಡಿಮೆಯಾದರೆ ಇದ್ದ ನರವೂ ಚಪ್ಪಟೆಯಾಗುತ್ತದೆ.

ಇನ್ನು ಈ ಲ್ಯಾಬ್‌ನವರು ಬೋರ್ಡ್ ಹಾಕಿಕೊಂಡು ಮೆರೆಯುವ ವೇನ್ ಫೈಂಡರ್, ಅಂದರೆ ನರ ಹುಡುಕುವ ಯಂತ್ರದ ವಿಚಾರ. ಯಂತ್ರವನ್ನು ಕೈ ಮೇಲೆ ಹಿಡಿದರೆ ಚರ್ಮದ ಮೇಲೆ ಹಸಿರು ಬೆಳಕು ಬಿದ್ದು ಅದರೊಳಗೆ ಕಪ್ಪು ಗೆರೆಗಳು ಮೂಡುತ್ತವೆ. ಮೊದಲ ಸಲ ನೋಡಿದಾಗ ಖುಷಿಯಾಯಿತು, ಓಹೋ, ನನ್ನಲ್ಲೂ ಇವೆ! ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ರಕ್ತದ ಹಿಮೋಗ್ಲೋಬಿನ್ ಸುತ್ತಲಿನ ಮಾಂಸಕ್ಕಿಂತ ಹೆಚ್ಚು ಹೀರಿಕೊಳ್ಳುತ್ತದೆ. ಕ್ಯಾಮೆರಾ ಆ ವ್ಯತ್ಯಾಸ ಹಿಡಿದು, ಅದನ್ನೇ ಚಿತ್ರ ಮಾಡಿ ಚರ್ಮದ ಮೇಲೆ ಬಿಡುತ್ತದೆ. ಎಕ್ಸ್‌ರೇ ಅಲ್ಲ, ಮೈಗೆ ಮುಟ್ಟುವುದೂ ಇಲ್ಲ. ಆದರೆ ಆ ಗೆರೆ ಎಷ್ಟು ಆಳದಲ್ಲಿದೆ, ನರ ಮೆತ್ತಗಿದೆಯಾ, ಹಿಂದಿನ ಚುಚ್ಚುಗಳಿಂದ ಗಟ್ಟಿಯಾಗಿದೆಯಾ ಅಂತ ಗೆರೆ ನೋಡಿದರೆ ತಿಳಿಯುವುದಿಲ್ಲ. ಚರ್ಮದಿಂದ ಹೆಚ್ಚು ಕೆಳಗಿರುವುದಂತೂ ತೋರುವುದೇ ಇಲ್ಲ, ನನ್ನಂಥ ದಪ್ಪ ಕೈಯವರಿಗೆ ಬೇಕಾದದ್ದು ಅದೇ ತಾನೇ. ಮೊದಲ ಚುಚ್ಚಿಗೇ ರಕ್ತ ಸಿಗುವುದು ಇದರಿಂದ ಹೆಚ್ಚುತ್ತದಾ ಎಂದು ನಡೆಸಿದ ಅಧ್ಯಯನಗಳ ಫಲಿತಾಂಶವೂ ಒಂದೇ ಥರ ಇಲ್ಲ. ಯಂತ್ರಕ್ಕೆ ಮಾತ್ರ ಸ್ಟಾರ್ ಕೊಡಬೇಕಿದ್ದರೆ ಎರಡರ ಮೇಲೆ ಕೊಡುತ್ತಿರಲಿಲ್ಲ.

ಆ ಹಿರಿಯರೂ ಅದನ್ನು ಒಂದು ಸಲ ಆಡಿಸಿ ಪಕ್ಕಕ್ಕಿಟ್ಟರು. ರಬ್ಬರ್ ಪಟ್ಟಿ ಕಟ್ಟಿ, ತೋರುಬೆರಳಿನಿಂದ ಮೊಣಕೈ ಮಡಿಕೆಯನ್ನು ಒತ್ತುತ್ತಾ ಬಿಡುತ್ತಾ ಹೋದರು, ದೃಷ್ಟಿ ಎದುರಿನ ಗೋಡೆಯ ಮೇಲೆ. ಕಣ್ಣಿಗೆ ಕೆಲಸವೇ ಇರಲಿಲ್ಲ. ಹೆಬ್ಬೆರಳಿನ ಬದಿಯಲ್ಲಿ ಒಂದು ಕಡೆ ಬೆರಳು ನಿಂತಿತು, ಮತ್ತೆ ಒತ್ತಿದರು, ಪುಟಿಯಿತು ಅನಿಸುತ್ತದೆ. ಅಲ್ಲಿದ್ದ ಮಚ್ಚೆಯಿಂದ ಎಷ್ಟು ಕೆಳಗೆ ಅಂತ ಗುರುತಿಟ್ಟುಕೊಂಡು ಪಟ್ಟಿ ಬಿಚ್ಚಿದರು. ಯಾಕೆ ಬಿಚ್ಚಿದಿರಿ ಅಂದೆ. ಒಂದು ನಿಮಿಷಕ್ಕಿಂತ ಹೆಚ್ಚು ಕಟ್ಟಿಟ್ಟರೆ ರಕ್ತದ ಅಂಶಗಳ ಲೆಕ್ಕವೇ ಏರುಪೇರಾಗುತ್ತದಂತೆ. ಮುಷ್ಟಿಯನ್ನು ಪದೇ ಪದೇ ತೆರೆದು ಮುಚ್ಚಿ ಮಾಡಬೇಡಿ, ಪೊಟ್ಯಾಸಿಯಂ ಸುಳ್ಳುಸುಳ್ಳೇ ಜಾಸ್ತಿ ತೋರುತ್ತದೆ ಅಂತಲೂ ಹೇಳಿದರು. ಹಳೆಯ ಲ್ಯಾಬ್‌ನಲ್ಲಿ ನನ್ನ ಕೈಯಲ್ಲಿ ಇದನ್ನೇ ಮಾಡಿಸುತ್ತಿದ್ದರು!

ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ರಕ್ತ ತೆಗೆಯುವವರಿಗೆಂದೇ ಮಾರ್ಗಸೂಚಿ ತಂದಿದೆ: ಪಟ್ಟಿಯನ್ನು ಚುಚ್ಚುವ ಜಾಗದಿಂದ ನಾಲ್ಕೈದು ಬೆರಳಿನಷ್ಟು ಮೇಲೆ ಕಟ್ಟಬೇಕು, ಸ್ಪಿರಿಟ್ ಹಚ್ಚಿದ ಮೇಲೆ 30 ಸೆಕೆಂಡ್ ಒಣಗಲು ಬಿಡಬೇಕು, ಒರೆಸಿದ ಜಾಗವನ್ನು ಮತ್ತೆ ಮುಟ್ಟಬಾರದು. ಮಚ್ಚೆಯ ಗುರುತು ಯಾಕೆ ಬೇಕಿತ್ತು ಅಂತ ನನಗೆ ಹೊಳೆದದ್ದು ಅವರು ಮುಟ್ಟದೆಯೇ ಸೂಜಿ ಇಳಿಸಿದಾಗ.

ರಕ್ತ ಬಂತು, ಕಾಲು ಟ್ಯೂಬ್ ಆಗುವಷ್ಟರಲ್ಲಿ ನಿಂತಿತು. ಟ್ಯೂಬ್‌ನೊಳಗೆ ನಿರ್ವಾತ ಇರುತ್ತದೆ, ಅದೇ ರಕ್ತವನ್ನು ಎಳೆದುಕೊಳ್ಳುವುದು. ಮೆತ್ತನೆಯ ಸ್ಟ್ರಾವನ್ನು ಜೋರಾಗಿ ಹೀರಿದರೆ ಹೇಗೆ ಮುಚ್ಚಿಕೊಳ್ಳುತ್ತದೋ ಹಾಗೆ ಸಣ್ಣ ನರ ಆ ಎಳೆತಕ್ಕೆ ಅಂಟಿಕೊಂಡುಬಿಡುತ್ತದೆ. ಅವರು ಕೆದಕಲಿಲ್ಲ. ಸೂಜಿ ತೆಗೆದು, ಹತ್ತಿ ಒತ್ತಿ, "ಇನ್ನೊಂದು ಸಲ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ನಾನು ಚುಚ್ಚಲ್ಲ, ಬೇರೆಯವರನ್ನ ಕರೀತೀನಿ" ಅಂದರು. ಇದೊಂದು ಮಾತಿಗೇ ನನ್ನ ಮೂರು ಸ್ಟಾರ್. ಒಬ್ಬರು ಎರಡು ಸಲಕ್ಕಿಂತ ಹೆಚ್ಚು ಚುಚ್ಚಬಾರದು ಅನ್ನುವುದು ಈ ಕಸುಬಿನಲ್ಲಿ ಒಪ್ಪಿಕೊಂಡ ನಿಯಮ. ಈ ಮಾತು ಕೇಳಿಸಿಕೊಳ್ಳುವ ಹಕ್ಕು ನಮಗಿದೆ, ಸಾಕು ಅಂತ ಹೇಳುವ ಹಕ್ಕೂ ಇದೆ.

ಆಮೇಲೆ ಬಿಸಿ ಶಾಖದ ಪ್ಯಾಕ್ ಕೊಟ್ಟು, ಕೈ ಇಳಿಬಿಟ್ಟು ಕೂರಿಸಿದರು. ಶಾಖಕ್ಕೆ ನರ ಹಿಗ್ಗುತ್ತದೆ, ಕೈ ಕೆಳಗಿದ್ದರೆ ತುಂಬಿಕೊಳ್ಳುತ್ತದೆ. ಕೊನೆಗೆ ಅಂಗೈಯ ಹಿಂಬದಿಯಲ್ಲಿ, ಚಿಟ್ಟೆ ರೆಕ್ಕೆಯಂಥ ಹಿಡಿಕೆಯ ಬಟರ್‌ಫ್ಲೈ ಸೂಜಿಯಿಂದ, ಚಿಕ್ಕ ಟ್ಯೂಬ್‌ಗಳಲ್ಲಿ ತೆಗೆದರು. ಅಲ್ಲಿ ಉರಿ ಜಾಸ್ತಿ, ಸುಳ್ಳು ಹೇಳುವುದಿಲ್ಲ. ಸೂಜಿ 23 ನಂಬರ್. ನಂಬರ್ ದೊಡ್ಡದಾದಷ್ಟೂ ಸೂಜಿ ಸಣ್ಣ. ಮಾಮೂಲಿಗೆ 21 ಬಳಸುತ್ತಾರೆ. "ಮಕ್ಕಳಿಗೆ ಹಾಕೋ ಎಲ್ಲಕ್ಕಿಂತ ಸಣ್ಣದು ಹಾಕಿ" ಅಂತ ನಾನು ಗೋಗರೆದರೂ ಒಪ್ಪಲಿಲ್ಲ. ತೀರಾ ಸಣ್ಣ ಸೂಜಿಯಲ್ಲಿ ರಕ್ತ ತೂರಿ ಬರುವಾಗ ಕಣಗಳು ಒಡೆಯುತ್ತವೆ, ಸ್ಯಾಂಪಲ್ ಕೆಟ್ಟರೆ ಮತ್ತೆ ಚುಚ್ಚಿಸಿಕೊಳ್ಳಬೇಕಾಗುತ್ತದೆ.

ಇದೇ ಲ್ಯಾಬ್‌ನ ಮನೆಗೆ ಬಂದು ತೆಗೆಯುವ ಸೇವೆಯನ್ನೂ ನೋಡಿದ್ದೇನೆ. ನರ ಸುಲಭವಾಗಿ ಸಿಗುವವರಿಗೆ ಚೆನ್ನಾಗಿದೆ. ನಮ್ಮಂಥವರಿಗೆ ಬೇಡ: ಬಂದವನಿಗೆ ನರ ಸಿಗದಿದ್ದರೆ ಪಕ್ಕದಲ್ಲಿ ಕರೆಯಲು ಇನ್ನೊಬ್ಬರಿರುವುದಿಲ್ಲ.

ಒಂದು ಸ್ಟಾರ್ ಕತ್ತರಿಸಿದ್ದು ಕೌಂಟರಿಗೆ. ಟೋಕನ್ ಯಾರ ಹತ್ತಿರ ಬೀಳುತ್ತದೋ ಅವರೇ ತೆಗೆಯಬೇಕು, ಆ ಹಿರಿಯರೇ ಬೇಕು ಅಂತ ಬುಕ್ ಮಾಡಲು ಬರುವುದಿಲ್ಲ. ನನ್ನ ಹೆಸರಿನ ಮುಂದೆ "ಎಡ ಅಂಗೈ ಹಿಂಬದಿ, ಬಟರ್‌ಫ್ಲೈ" ಅಂತ ಬರೆದಿಟ್ಟುಕೊಳ್ಳಿ ಅಂದರೆ ಸಾಫ್ಟ್‌ವೇರ್‌ನಲ್ಲಿ ಅದಕ್ಕೆ ಜಾಗವಿಲ್ಲವಂತೆ. ಫೋನ್ ನಂಬರು, ಮೇಲ್ ಐಡಿ, ಹುಟ್ಟಿದ ದಿನಕ್ಕೆಲ್ಲ ಜಾಗವಿದೆ, ಹುಟ್ಟುಹಬ್ಬಕ್ಕೆ ಮೆಸೇಜೂ ಬರುತ್ತದೆ. ಹೋಗುವವರು ಬೆಳಗಿನ ಮೊದಲ ಪಾಳಿಗೇ ಹೋಗಿ, ಅವರು ಆಗ ಇರುತ್ತಾರೆ. ಟೋಕನ್ ಬೇರೆಯವರ ಹತ್ತಿರ ಬಂದರೆ ಹಿಂದಿನವರನ್ನು ಮುಂದೆ ಬಿಡಿ, ಕೌಂಟರಿನವರು ಗೊಣಗುತ್ತಾರೆ, ಗೊಣಗಲಿ.